ಜೋಳದ ಸೀಮೆಯಲ್ಲಿ ತಾಟು ಬದಲಾದ ಬಗೆ

ಮಾರ್ಗಶಿರ ಹುಣ್ಣಿಮೆಯ ಹೊತ್ತಿಗೆ, ಅಂದರೆ ದತ್ತ ಜಯಂತಿಯ ದಿನಗಳಲ್ಲಿ, ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಜಾತ್ರೆ. ಹುಮನಾಬಾದಿಗೆ ಅಂಟಿಕೊಂಡಂತಿರುವ ಈ ಚಿಕ್ಕ ಊರಿಗೆ ಆಗ ಕನ್ನಡ, ಮರಾಠಿ, ತೆಲುಗು, ದಖನಿ ಮಾತಾಡುವ ಜನ ಮೂರು ರಾಜ್ಯಗಳಿಂದ ಬಂದು ಸೇರುತ್ತಾರೆ. ಸಂಸ್ಥಾನದ ಭಂಡಾರಖಾನೆಯಲ್ಲಿ ಬಂದವರಿಗೆಲ್ಲ ಊಟ. ಜಾತ್ರೆ ಮುಗಿದ ಹದಿನೈದನೆಯ ದಿನಕ್ಕೆ ಎಳ್ಳ ಅಮಾವಾಸ್ಯೆ ಬರುತ್ತದೆ. ಅಂದು ಊಟ ಮನೆಯಲ್ಲಿಲ್ಲ, ಹೊಲದಲ್ಲಿ. ಹುಮನಾಬಾದು, ಬಸವಕಲ್ಯಾಣ, ಭಾಲ್ಕಿ ಕಡೆಯ ಒಕ್ಕಲು ಮನೆಗಳವರು ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಪೈರಿನ ನಡುವೆ ಚರಗ ಚೆಲ್ಲಿ, ನಂತರ ಬಂಧುಬಳಗದೊಂದಿಗೆ ಉಣ್ಣುತ್ತಾರೆ. ಗಡಿಯಾಚೆ ಲಾತೂರಿನ ಮರಾಠಿಗರಿಗೂ ಈ ಹಬ್ಬ ಉಂಟು.

ಆ ಬುತ್ತಿಯಲ್ಲಿ ಏನಿರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಖ್ಯವಾದದ್ದು ಭಜ್ಜಿ. ಪೇಟೆಯವರು ಎಣ್ಣೆಯಲ್ಲಿ ಕರಿದ ಬಜ್ಜಿಯೆಂದು ತಿಳಿಯಬಾರದು. ಹಸಿ ಕಡಲೆ, ಹಸಿ ತೊಗರಿ, ಅವರೆ, ವಟಾಣಿ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯದ ಸೊಪ್ಪು, ಹಸಿ ಈರುಳ್ಳಿ, ಹೀಗೆ ಆ ಋತುವಿನಲ್ಲಿ ಹೊಲದಲ್ಲಿ, ಬದುವಿನಲ್ಲಿ, ಹಿತ್ತಲಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಪಾತ್ರೆಗೆ ಹಾಕಿ, ಹುಣಸೆಹುಳಿಯಲ್ಲಿ ಬೇಯಿಸಿ, ಕಡಲೆಹಿಟ್ಟಿನಿಂದ ಗಟ್ಟಿ ಮಾಡಿದ ಪಲ್ಯ ಅದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಜೋಳದ ಬಾನ, ಮಜ್ಜಿಗೆ ಬೆರೆಸಿದ ಅಂಬಲಿ, ಶೇಂಗಾ ಹೋಳಿಗೆ. ಆಸ್ಪತ್ರೆಯ ಆಹಾರ ತಜ್ಞರನ್ನು ಕೂರಿಸಿ ಒಂದು ಕುಟುಂಬಕ್ಕೆ ಒಳ್ಳೆಯ ಊಟದ ಪಟ್ಟಿ ಬರೆದುಕೊಡಿರೆಂದರೆ ಇದಕ್ಕಿಂತ ಬಹಳ ಭಿನ್ನವಾದದ್ದನ್ನು ಬರೆಯಲಾರರು. ಆದರೆ ಇದು ವರ್ಷದಲ್ಲಿ ಒಂದು ದಿನದ ಊಟ. ಉಳಿದ 364 ದಿನ ಈ ಸೀಮೆಯ ತಾಟಿಗೆ ಏನು ಬೀಳುತ್ತದೆ, ಅದು ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಎನ್ನುವುದು ಬೇರೆಯೇ ಕಥೆ. ಮನೆಯವರ ಊಟದ ರೂಢಿ ಬದಲಿಸಬೇಕು, ಆರೋಗ್ಯಕರವಾದ ಹೊಸ ಆಹಾರ ರೂಢಿಸಬೇಕು ಎಂದು ಈಗ ಎಲ್ಲೆಡೆ ಕೇಳಿಬರುವ ಉಪದೇಶವನ್ನು ಆ ಕಥೆಯ ಎದುರಿಗೆ ಇಟ್ಟು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಹಿಂದಿನ ದಿನನಿತ್ಯದ ಊಟ ಸರಳವಾದದ್ದು. ಎರಡು ಹೊತ್ತು ಜೋಳದ ರೊಟ್ಟಿ, ಬೇಳೆ ಅಥವಾ ಸೊಪ್ಪಿನ ಪಲ್ಯ, ಶೇಂಗಾ ಇಲ್ಲವೆ ಗುರೆಳ್ಳು ಹಿಂಡಿ, ಹಸಿ ಈರುಳ್ಳಿ. ಪುಂಡಿಪಲ್ಯವನ್ನು ಮಾಡುವ ಕ್ರಮವನ್ನೇ ನೋಡಿ. ಹುಳಿಸೊಪ್ಪಿಗೆ ತೊಗರಿಬೇಳೆಯನ್ನೂ ಜೋಳದ ನುಚ್ಚನ್ನೂ ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಕಾಳು, ಬೇಳೆ, ಸೊಪ್ಪು ಮೂರೂ ಒಂದೇ ಗಡಿಗೆಯಲ್ಲಿ. ಅನ್ನ ಹಬ್ಬಕ್ಕೆ, ಬೀಗರು ಬಂದಾಗ, ಕಾಯಿಲೆಯವರಿಗೆ. ಗೋಧಿ ಹೋಳಿಗೆಗೆ. ರೊಟ್ಟಿ ಉಣ್ಣುವ ಮನೆ, ಅನ್ನ ಉಣ್ಣುವ ಮನೆ ಎಂಬ ಭೇದ ಬರಿಯ ರುಚಿಯದಾಗಿರದೆ ಅಂತಸ್ತಿನದೂ ಆಗಿತ್ತು. ಬೆಳ್ಳಗಿನ ಅನ್ನದ ಮೇಲಿನ ಆಸೆ ಪಡಿತರ ಅಂಗಡಿಗಿಂತ ಹಳೆಯದು.

ಆದರೆ ಆ ಕಾಲವನ್ನು ಹೊನ್ನಿನ ಕಾಲವೆಂದು ಹಾಡಿ ಹೊಗಳುವವರ ಜೊತೆ ಪೂರ್ತಿ ಸೇರಲಾಗದು. ಪೌಷ್ಟಿಕಾಂಶ ಸಂಶೋಧನಾಲಯವು ಕೂನೂರಿನಿಂದ ಹೈದರಾಬಾದಿಗೆ ಬಂದ ಮೇಲೆ (ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ) ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ದಖ್ಖನಿನ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ರೋಗವನ್ನು ಕಂಡರು. ಬಿಸಿಲಿಗೆ ತೆರೆದ ಮೈಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು ಅದರ ಲಕ್ಷಣ. ಅದು ಮೆಕ್ಕೆಜೋಳ ತಿನ್ನುವ ದೇಶಗಳ ರೋಗವೆಂದೇ ಅಲ್ಲಿಯವರೆಗೆ ಹೆಸರಾಗಿತ್ತು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದು ದೇಹವು ನಯಾಸಿನ್ ಜೀವಸತ್ವವನ್ನು ಪಡೆಯುವುದಕ್ಕೆ ಅಡ್ಡಿಯಾಗುತ್ತದೆ ಎಂಬ ವಿವರಣೆಯನ್ನು ಅವರು 1960ರಲ್ಲಿ ಮುಂದಿಟ್ಟರು. ಆ ವಿವರಣೆಯ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ಚರ್ಚೆ ನಡೆಯಿತು. ನಮಗೆ ಇಲ್ಲಿ ಬೇಕಾದದ್ದು ಇಷ್ಟು: ರೊಟ್ಟಿಯ ಜೊತೆ ಬೇಳೆ, ಹಾಲು, ಪಲ್ಯ ಉಂಡವರಿಗೆ ಜೋಳ ಒಗ್ಗಿತು, ರೊಟ್ಟಿಗೆ ಖಾರಪುಡಿಯೊಂದೇ ಗತಿಯಾದವರಿಗೆ ಅದೇ ಜೋಳ ಸಾಲಲಿಲ್ಲ. ಮನೆಯ ಒಳಗೂ ಈ ಭೇದವಿತ್ತು. ಎಲ್ಲರ ಊಟವಾದ ಮೇಲೆ ಉಣ್ಣುವ ಸೊಸೆಯ ಪಾಲಿಗೆ ರೊಟ್ಟಿ ಉಳಿದಿರುತ್ತಿತ್ತು, ಪಲ್ಯ ಗಡಿಗೆಯ ತಳ ಸೇರಿರುತ್ತಿತ್ತು.

ಜೋಳ ಹಿಂದೆ ಸರಿದದ್ದು ಹೇಗೆ? ಒಂದೇ ಕಾರಣ ಹೇಳುವವರು ಸಾಮಾನ್ಯವಾಗಿ ಪಡಿತರದ ಅಕ್ಕಿಯ ಕಡೆ ಬೆರಳು ತೋರುತ್ತಾರೆ. ಅದರಲ್ಲಿ ನಿಜವಿದೆ. ನೆರೆಯ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ 1983ರಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡತೊಡಗಿತು. ಕರ್ನಾಟಕದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು ಬಡ ಕುಟುಂಬಕ್ಕೆ ಒಂದು ರೂಪಾಯಿಗೆ ಒಂದು ಕಿಲೋದಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ದೊರೆಯಿತು. ಹಸಿವು ಹಿಂದೆ ಸರಿಯಿತು. ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವವರು ಹೊಟ್ಟೆ ತುಂಬಿದವರೇ ಇರಬೇಕು. ಆದರೆ ಹಬ್ಬದ ಧಾನ್ಯ ಅಗ್ಗದ ಧಾನ್ಯವಾದ ಮೇಲೆ, ದಿನದ ಧಾನ್ಯವಾಗಿದ್ದ ಜೋಳ ಪೇಟೆಯಲ್ಲಿ ಅದಕ್ಕಿಂತ ತುಟ್ಟಿಯಾಯಿತು.

ಹೊಲದ ಕಾರಣ ಇನ್ನೊಂದು. ಸಿಎಸ್‌ಎಚ್-1 ಎಂಬ ಸಂಕರಣ ಜೋಳ 1964ರಲ್ಲಿ ಬಂತು. ಇಳುವರಿ ಹೆಚ್ಚು, ಆದರೆ ಮುಂಗಾರಿನ ಕೊನೆಯ ಮಳೆಗೆ ಸಿಕ್ಕ ತೆನೆ ಬೂಸು ಹಿಡಿದು ಕಪ್ಪಾಗುತ್ತಿತ್ತು. ಹಿಂಗಾರಿಯ ಬಿಳಿಜೋಳದ ರೊಟ್ಟಿ ಉಂಡವರ ನಾಲಿಗೆಗೆ ಅದರ ರುಚಿ ಹಿಡಿಸಲಿಲ್ಲ. ಮುಂದೆ ಬೀದರ ಜಿಲ್ಲೆಗೆ ಸೋಯಾ ಅವರೆ ಬಂತು. ಇಂದು ಮುಂಗಾರಿನಲ್ಲಿ ಜಿಲ್ಲೆಯ ಮುಖ್ಯ ಬೆಳೆ ಅದೇ. ಜೋಳ, ಉದ್ದು, ಹೆಸರು ನಿಂತಿದ್ದ ಜಾಗದಲ್ಲಿ ಅದು ನಿಂತಿದೆ. ಸೋಯಾ ರೈತನಿಗೆ ರೊಕ್ಕ ತರುತ್ತದೆ, ಎಣ್ಣೆ ಕಾರ್ಖಾನೆಗೆ ಹೋಗುತ್ತದೆ. ಅಡಿಗೆಮನೆಗೆ ಬರುವುದಿಲ್ಲ. ಉದ್ದು, ಹೆಸರು ಬೆಳೆಯುತ್ತಿದ್ದಾಗ ಒಂದೆರಡು ಚೀಲ ಮನೆಯಲ್ಲಿ ಉಳಿಯುತ್ತಿತ್ತು. ಈಗ ಹೊಲ ಇರುವವರೂ ಬೇಳೆಯನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕಣಿಕೆಯ ಅಗತ್ಯವೂ ಕುಗ್ಗಿತು. ಮತ್ತೊಂದು ಸಣ್ಣ ಸಂಗತಿಯನ್ನು ಯಾವ ರೈತನಾದರೂ ಹೇಳಿಯಾನು: ಸುತ್ತ ಎಲ್ಲರೂ ಸೋಯಾ ಹಾಕಿ ನೀವೊಬ್ಬರೇ ಜೋಳ ಹಾಕಿದರೆ ಊರಿನ ಹಕ್ಕಿಗಳೆಲ್ಲ ನಿಮ್ಮ ಹೊಲಕ್ಕೇ ಇಳಿಯುತ್ತವೆ.

ಮೂರನೆಯ ಕಾರಣದ ಬಗ್ಗೆ ಗಂಡಸರು ಬರೆದ ಲೇಖನಗಳಲ್ಲಿ ಹೆಚ್ಚು ಓದಲು ಸಿಗುವುದಿಲ್ಲ. ಅದು ಕೈಯ ಶ್ರಮ. ಗೋಧಿಹಿಟ್ಟಿನಲ್ಲಿ ಅಂಟು ಇದೆ, ಕಲಸಿಟ್ಟರೆ ತಾನೇ ಹಿಡಿದುಕೊಳ್ಳುತ್ತದೆ, ಲಟ್ಟಣಿಗೆಗೆ ಬಗ್ಗುತ್ತದೆ. ಜೋಳದಲ್ಲಿ ಆ ಅಂಟು ಇಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕಿದಾಗ ಅದರ ಪಿಷ್ಟ ಬೆಂದು ಜಿಗಿ ಬರಬೇಕು. ಆ ಬಿಸಿಯಲ್ಲೇ ನಾದಬೇಕು, ಅಂಗೈಯಲ್ಲಿ ಬಡಿದು ತೆಳ್ಳಗೆ ಮಾಡಬೇಕು, ಹಂಚಿಗೆ ಹಾಕಿ ನೀರು ಸವರಬೇಕು, ತಿರುವಿ ಉಬ್ಬಿಸಬೇಕು. ಗಿರಣಿಯಿಂದ ತಂದ ಹಿಟ್ಟು ಹಳತಾದರೆ ಅಂಚು ಬಿರಿಯುತ್ತದೆ, ಆದ್ದರಿಂದ ತಿಂಗಳಿಗಾಗುವಷ್ಟು ಬೀಸಿಡುವ ಹಾಗಿಲ್ಲ. ಎಂಟು ಮಂದಿಯ ಮನೆಗೆ ದಿನಕ್ಕೆ ನಲವತ್ತರ ಹತ್ತಿರ ರೊಟ್ಟಿ, ಒಲೆಯ ಹೊಗೆ, ಸೊಂಟದ ನೋವು. ಕಲಿಯಲು ವರ್ಷಗಳು ಬೇಕು. ಇತ್ತ ಕುಕ್ಕರಿನಲ್ಲಿ ಅಕ್ಕಿಯಿಟ್ಟರೆ ಮೂರು ಸೀಟಿಗೆ ಊಟ ತಯಾರು. ಕೂಲಿಗೋ ಶಾಲೆಯ ಕೆಲಸಕ್ಕೋ ಹೋಗುವ ಹೆಣ್ಣುಮಗಳು ಯಾವುದನ್ನು ಆರಿಸಿಕೊಂಡಾಳು? ಬಿಸಿರೊಟ್ಟಿಯೇ ಬೇಕೆಂದು ಪಟ್ಟು ಹಿಡಿಯುವ ಗಂಡ ಒಂದು ವಾರ ಎಸರಿಗೆ ಕೈ ಹಾಕಿ ನೋಡಿದರೆ ಈ ಚರ್ಚೆಗೆ ಬೇರೆಯೇ ತಿರುವು ಬಂದೀತು.

ಹೀಗೆ ಬೆಲೆ, ಬೆಳೆ, ಕೈಶ್ರಮ ಮೂರೂ ಒಂದೇ ದಿಕ್ಕಿಗೆ ಎಳೆದಾಗ ತಾಟು ಬದಲಾಯಿತು. ಯಾರೂ ಯಾರಿಗೂ ಬೋಧನೆ ಮಾಡಲಿಲ್ಲ. ಇದರ ಬೆಲೆ ಆಮೇಲೆ ಗೊತ್ತಾಯಿತು. ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ. ಸಜ್ಜೆಯಲ್ಲಿ ಕಬ್ಬಿಣ 6 ಮಿಲಿಗ್ರಾಂ ದಾಟುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ, ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ ಇತ್ತು. ಎರಡೂ ಅಂಕಿ ಹಿಂದಿನ ಸಮೀಕ್ಷೆಗಿಂತ ಏರಿದ್ದವು. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿತು. ಎಲ್ಲದಕ್ಕೂ ಅಕ್ಕಿಯನ್ನೇ ದೂರುವುದು ಸರಿಯಲ್ಲ. ತಾಟಿನಲ್ಲಿ ಅನ್ನದ ಗುಡ್ಡ ಬೆಳೆದು ಬೇಳೆ, ಸೊಪ್ಪು, ಕಾಳು ಅಂಚಿಗೆ ಸರಿದವು; ತೊಂದರೆ ಇರುವುದು ಅಲ್ಲಿ.

ಬದಲಾದದ್ದನ್ನು ಮತ್ತೆ ತಿರುಗಿಸಲು ಸಾಧ್ಯವೆ? ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಹುಮನಾಬಾದಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ಒಂದು ತಾಸಿಗೆ ಜಹೀರಾಬಾದು ಸಿಗುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಅದೂ ಬೀದರ ಜಿಲ್ಲೆಯದೇ ಊರು. ಆಮೇಲೆ ಆಂಧ್ರಕ್ಕೆ, ಈಗ ತೆಲಂಗಾಣಕ್ಕೆ ಸೇರಿದೆ. ಅದೇ ಕೆಂಪು ಮಣ್ಣು, ಅದೇ ಜೋಳದ ರೊಟ್ಟಿ. ಅಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಹಳ್ಳಿಯ ದಲಿತ ಹೆಂಗಸರ ಸಂಘಗಳ ಜೊತೆ ಕೆಲಸ ಮಾಡುತ್ತ ಬಂದಿದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುತ್ತಿದ್ದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು.

ಎರಡು ರೂಪಾಯಿಯ ಅಕ್ಕಿ ಬಂದ ಮೇಲೆ ಅಲ್ಲಿನ ಬಡ ರೈತರ ತುಂಡು ಹೊಲಗಳು ಬೀಳುಬಿದ್ದಿದ್ದವು. ಕೊಂಡು ಉಣ್ಣುವ ಅಕ್ಕಿ ಅಗ್ಗವಾದ ಮೇಲೆ ಬರಡು ನೆಲದಲ್ಲಿ ಜೋಳ ಬೆಳೆಯುವುದು ನಷ್ಟದ ಬಾಬತ್ತು. ತೊಂಬತ್ತರ ದಶಕದ ನಡುವಿನಲ್ಲಿ ಸಂಘಗಳು ಕೈಗೊಂಡ ಯೋಜನೆ ಹೀಗಿತ್ತು. ಆ ಬೀಳು ನೆಲವನ್ನು ಉತ್ತು ಗೊಬ್ಬರ ಹಾಕಿ ಬಿತ್ತಲು ರೈತನಿಗೆ ಮುಂಗಡ. ಅದರ ತೀರುವಳಿಯನ್ನು ರೊಕ್ಕದಲ್ಲಿ ಕೊಡದೆ ಐದು ವರ್ಷಗಳ ಕಾಲ ಕಂತಾಗಿ ಜೋಳದಲ್ಲಿ ಕೊಡಬೇಕು. ಹಾಗೆ ಕೂಡಿದ ಜೋಳ ಊರಲ್ಲೇ ಉಳಿಯುತ್ತದೆ. ಮಳೆಗಾಲದ ಕಷ್ಟದ ತಿಂಗಳುಗಳಲ್ಲಿ ಪೇಟೆಗಿಂತ ಕಡಿಮೆ ಬೆಲೆಗೆ ಬಡವರಿಗೆ ಮಾರಾಟ. ಯಾರು ಹೆಚ್ಚು ಬಡವರು, ಯಾರಿಗೆ ಎಷ್ಟು ಎಂಬುದನ್ನು ಊರವರೇ ಸೇರಿ ತೀರ್ಮಾನಿಸಿದರು. ಪಡಿತರ ವ್ಯವಸ್ಥೆಯನ್ನೇ, ಆದರೆ ಅಲ್ಲಿನ ನೆಲದ ಧಾನ್ಯದ ಮೇಲೆ, ಅಕ್ಷರ ಬಾರದ ಹೆಂಗಸರು ಕಟ್ಟಿದರು. ಜೋಳದ ಸಾಲುಗಳ ನಡುವೆ ತೊಗರಿ, ಹೆಸರು, ಪುಂಡಿ, ಅಗಸೆ ಮತ್ತೆ ಬಂದವು. ಬಿತ್ತದೆಯೇ ಹುಟ್ಟುವ ಸೊಪ್ಪುಗಳನ್ನು ಕಳೆಯೆಂದು ಕಿತ್ತೆಸೆಯದೆ ಪಲ್ಯಕ್ಕೆ ಉಳಿಸಿಕೊಂಡರು. 2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಆ ಹೆಂಗಸರ ಮುಂದೆ ಯಾರೂ ನಾರಿನಂಶ, ಕಬ್ಬಿಣದಂಶ ಎಂದು ಭಾಷಣ ಮಾಡಿ ಊಟ ಬದಲಿಸಲಿಲ್ಲ. ಬೀಜ, ನೆಲ, ಬೆಲೆ ಕೈಗೆ ಬಂದಾಗ ಊಟ ತಾನಾಗಿಯೇ ಹಿಂತಿರುಗಿತು.

ಪೇಟೆಯಲ್ಲಿ ಸಿರಿಧಾನ್ಯ ಬಂದ ದಾರಿ ಇದಕ್ಕೆ ತದ್ವಿರುದ್ಧ. ಭಾರತದ ಕೋರಿಕೆಯಂತೆ ವಿಶ್ವಸಂಸ್ಥೆ 2023ನ್ನು ಕಿರುಧಾನ್ಯಗಳ ವರ್ಷವೆಂದು ಆಚರಿಸಿತು. ಅದಕ್ಕೆ ಮೊದಲೇ ಮೈಸೂರಿನ ಡಾ. ಖಾದರ್ ವಲಿಯವರ ಭಾಷಣಗಳಿಂದ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಂಬ ಹೆಸರುಗಳು ಮನೆಮನೆಗೆ ತಲುಪಿದ್ದವು. ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ವರ್ಗೀಕರಣದಲ್ಲಿ ಈ ಐದಕ್ಕೆ ಮೇಲಿನ ಸ್ಥಾನ, ಜೋಳ, ಸಜ್ಜೆ, ರಾಗಿಗೆ ತಟಸ್ಥ ಧಾನ್ಯಗಳ ಸ್ಥಾನ. ಜೋಳದ ಸೀಮೆಯವರು ಇದನ್ನು ಕೇಳಿ ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ನನ್ನ ಅಭಿಪ್ರಾಯ ಕೇಳುವುದಾದರೆ, ಹುಮನಾಬಾದಿನ ಮನೆಯೊಂದು ದೂರದ ಊರಿನ ಪೊಟ್ಟಣದ ಕೊರಲೆಗೆ ದುಡ್ಡು ಸುರಿಯುವ ಬದಲು ಅದೇ ದುಡ್ಡಿನಲ್ಲಿ ಹಿಂಗಾರಿ ಜೋಳವನ್ನೂ ತೊಗರಿಬೇಳೆಯನ್ನೂ ವಾರಕ್ಕೆ ನಾಲ್ಕು ಸಲ ಸೊಪ್ಪನ್ನೂ ಕೊಂಡರೆ ಹೆಚ್ಚು ಲಾಭ. ಇನ್ನೊಂದು ಎಚ್ಚರಿಕೆಯೂ ಬೇಕು. ಜೋಳವೂ ಪಿಷ್ಟವೇ. ಸಕ್ಕರೆ ಕಾಯಿಲೆಯವರು ಅನ್ನ ಬಿಟ್ಟೆವೆಂದು ಆರು ರೊಟ್ಟಿ ಉಂಡರೆ ಪ್ರಯೋಜನವಿಲ್ಲ, ಮಾತ್ರೆ ಬಿಡುವಂತೆಯೂ ಇಲ್ಲ.

ಮಕ್ಕಳ ವಿಷಯ ಬಂದಾಗ ತಾಯಂದಿರ ದೂರು ಒಂದೇ: ಕೊಟ್ಟರೆ ತಿನ್ನುವುದಿಲ್ಲ. ಇಕ್ರಿಸ್ಯಾಟ್ ಸಂಸ್ಥೆ ಅಕ್ಷಯಪಾತ್ರದ ಜೊತೆ ಸೇರಿ ಬೆಂಗಳೂರಿನ ಹೊರವಲಯದ ಶಾಲೆಗಳ ಸುಮಾರು 1500 ಮಕ್ಕಳಲ್ಲಿ ಮೂರು ತಿಂಗಳ ಪ್ರಯೋಗ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಮಧ್ಯಾಹ್ನದ ಊಟದಲ್ಲಿ ಅಕ್ಕಿಯ ಜಾಗಕ್ಕೆ ರಾಗಿ, ಸಜ್ಜೆ, ಸಾಮೆ ಬಂದವು. ಆ ಮಕ್ಕಳ ಬೆಳವಣಿಗೆ ಉಳಿದವರಿಗಿಂತ ಚುರುಕಾಗಿತ್ತು. ಆದರೆ ನಮಗೆ ಹೆಚ್ಚು ಉಪಯೋಗದ ಸಂಗತಿ ರುಚಿಯ ಅಂಕಗಳಲ್ಲಿದೆ. ರಾಗಿ ಇಡ್ಲಿಗೆ, ಸಾಮೆ ಮತ್ತು ಸಜ್ಜೆಯ ಬಿಸಿಬೇಳೆಬಾತಿಗೆ ಮಕ್ಕಳು ಹೆಚ್ಚು ಅಂಕ ಕೊಟ್ಟರು, ಉಪ್ಪಿಟ್ಟಿಗೆ ಕಡಿಮೆ. (ಉಪ್ಪಿಟ್ಟಿನ ಗತಿ ಯಾವ ಧಾನ್ಯದಲ್ಲೂ ಬದಲಾಗದೇನೋ.) ಗುರುತಿರುವ ತಿಂಡಿಯಲ್ಲಿ ಧಾನ್ಯ ಮಾತ್ರ ಬದಲಿಸಿದರೆ ನಾಲಿಗೆ ತಕರಾರು ಮಾಡುವುದಿಲ್ಲ ಎಂಬುದು ಅಜ್ಜಿಯರಿಗೆ ಹೊಸ ಮಾತಲ್ಲ.

ನಿಜಕ್ಕೂ ಹೊಸದಾಗಿ ಬಂದದ್ದು ಮೊಟ್ಟೆ. 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆ ಕೊಡಲು ಆರಂಭಿಸಿತು, ತಿನ್ನದವರಿಗೆ ಬಾಳೆಹಣ್ಣು. ಮಕ್ಕಳ ಅಪೌಷ್ಟಿಕತೆ ಹೆಚ್ಚಾಗಿದ್ದ ಜಿಲ್ಲೆಗಳು ಇವು. ಬಸವಣ್ಣನವರ ಕಲ್ಯಾಣದ ನೆಲದಲ್ಲಿ ಇದು ಸುಲಭವಾಗಿ ನಡೆಯುವ ಮಾತಾಗಿರಲಿಲ್ಲ. ಕೆಲವು ಮಠಾಧೀಶರು ತೀವ್ರವಾಗಿ ವಿರೋಧಿಸಿದರು. ಒಂದೇ ಪಂಕ್ತಿಯಲ್ಲಿ ಕೂತ ಮಕ್ಕಳ ನಡುವೆ ಭೇದ ಹುಟ್ಟುತ್ತದೆ ಎಂಬುದು ಅವರ ವಾದ. ಬೇಕೆಂದು ಕೈ ಎತ್ತಿದ ಮಕ್ಕಳ ದನಿಯೂ ಕೇಳಿಬಂತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳ ತೂಕ, ಮೊಟ್ಟೆ ಇಲ್ಲದಿದ್ದ ಗದಗಿನ ಮಕ್ಕಳಿಗಿಂತ ಹೆಚ್ಚು ಏರಿದ್ದು ಕಂಡಿತು. ಯೋಜನೆ ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮನೆಯಲ್ಲಿ ಒಲ್ಲೆನೆನ್ನುವ ಮಗು ಗೆಳೆಯರ ಸಾಲಿನಲ್ಲಿ ಕೂತಾಗ ತಿನ್ನುತ್ತದೆ. ಮೊಟ್ಟೆ ಒಗ್ಗದ ಮನೆಗಳಲ್ಲಿ ಆ ಜಾಗ ತುಂಬಬೇಕಾದದ್ದು ಹಾಲು, ಮೊಸರು, ಶೇಂಗಾ, ಬೇಳೆ. ಬಾಳೆಹಣ್ಣು ಮೊಟ್ಟೆಗೆ ಸಮವಲ್ಲ ಎಂಬುದನ್ನು ಆ ಮನೆಯವರು ತಿಳಿದಿರಬೇಕು.

ಮನೆಯೊಳಗೆ ಬದಲಾವಣೆ ತರಬಯಸುವವರು ಒಂದು ಹೊತ್ತಿನಿಂದ ತೊಡಗುವುದು ಮೇಲು. ರಾತ್ರಿಯ ಊಟವೊಂದನ್ನು ರೊಟ್ಟಿಗೆ ತಿರುಗಿಸಿ, ಮಧ್ಯಾಹ್ನದ ಅನ್ನವನ್ನು ಹಾಗೇ ಬಿಡಬಹುದು. ಬಡಿಯಲು ಬಾರದವರು ಜೋಳದ ನುಚ್ಚು ಮಾಡಿಕೊಳ್ಳಬಹುದು, ಕುಕ್ಕರಿನಲ್ಲೇ ಆಗುತ್ತದೆ. ದೋಸೆಯ ಹಿಟ್ಟಿನಲ್ಲಿ ಅರ್ಧ ಅಕ್ಕಿಯ ಬದಲು ಜೋಳ ನೆನೆಹಾಕಿದರೆ ಕೇಳಿದ ಹೊರತು ಯಾರಿಗೂ ಗೊತ್ತಾಗುವುದಿಲ್ಲ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡುವ ರೂಢಿ ಬರಿಯ ರುಚಿಗಲ್ಲ. ಧಾನ್ಯದ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು, ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಮತ್ತು ಸೊಸೆಯೂ ಎಲ್ಲರ ಜೊತೆಗೇ ಉಣ್ಣಲಿ. ರಕ್ತಹೀನತೆಗೆ ಇಷ್ಟು ಅಗ್ಗದ ಔಷಧ ಇನ್ನೊಂದಿಲ್ಲ.

ಕೈಶ್ರಮದ ಪ್ರಶ್ನೆಗೆ ಪೇಟೆಯೇ ಒಂದು ಉತ್ತರ ಹುಡುಕಿಕೊಂಡಿದೆ. ಈ ಭಾಗದ ಊರುಗಳಲ್ಲಿ ರೊಟ್ಟಿ ಕೇಂದ್ರಗಳು ಎದ್ದಿವೆ. ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಮಾಡುವ ರೊಟ್ಟಿಗೆ ಜಿಲ್ಲಾಡಳಿತದ ನೆರವಿನಿಂದ ‘ಕಲಬುರಗಿ ರೊಟ್ಟಿ’ ಎಂಬ ಹೆಸರೇ ಬಂದಿದೆ. ಅತ್ತೆಯ ಮನೆಯಲ್ಲಿ ಸಂಬಳವಿಲ್ಲದೆ ಬಡಿದ ರೊಟ್ಟಿಗೆ ಈಗ ಎಣಿಸಿ ದುಡ್ಡು ಸಿಗುತ್ತದೆ. ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ಮಕ್ಕಳಿಗೆ ಅದನ್ನು ಕಾಗದದಲ್ಲಿ ಸುತ್ತಿ, ಮೇಲೊಂದು ಡಬ್ಬಿ ಶೇಂಗಾ ಹಿಂಡಿ ಇಟ್ಟು, ಬಸ್ಸಿಗೆ ಹಾಕಿ ಕಳಿಸುತ್ತಾರೆ.